ಸಮುದ್ರದ ಕಡೆಯ ಬಾಗಿಲು

ಎಂದೂ ತೆರೆಯದ ಬಾಗಿಲಿನ ಕೀಲುಗಳಿಗೆ ದೊರಸಾನಮ್ಮ ಪ್ರತಿ ಶನಿವಾರ ತಾವೇ ಎಣ್ಣೆ ಹಾಕುತ್ತಿದ್ದರು. ಕಿವಿಯಲ್ಲಿ ಮುತ್ತಿನ ಓಲೆ, ಮಾಸಿದ ವಾಯಿಲ್ ಸೀರೆ, ಕೈಯಲ್ಲಿ ಎಣ್ಣೆಯಲ್ಲಿ ಅದ್ದಿದ ಕೋಳಿಗರಿ. "ಉಪ್ಪುಗಾಳಿಯಪ್ಪ, ಕಬ್ಬಿಣಾನೇ ತಿಂತೈತಿ" ಎನ್ನುತ್ತಿದ್ದರು.

ವಿಶಾಖಪಟ್ಟಣದಲ್ಲಿ ಕಡಲಿಗೆ ಮುಖ ಮಾಡಿ ನಿಂತ, ಜಮೀನ್ದಾರರ ಹಳೆಯ ಕೋಟೆಮನೆ ಅದು. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದ ನಾನು ಅದರ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ದೊರಸಾನಮ್ಮ ಬಳ್ಳಾರಿ ಕಡೆಯಿಂದ ಸೊಸೆಯಾಗಿ ಬಂದವರು. ಕನ್ನಡ ಆಡಲು ಒಬ್ಬ ಸಿಕ್ಕನೆಂದೇ ಕೋಣೆ ಕೊಟ್ಟರು ಎಂದು ನಾನು ನಂಬಿದ್ದೇನೆ. ನನಗೆ ಹಿತವಾದದ್ದನ್ನೇ ನಂಬುತ್ತಿರಲೂಬಹುದು.

ಆ ಮನೆತನದಲ್ಲಿ ಸಮುದ್ರದ ಕಡೆಯ ಬಾಗಿಲು ತೆರೆಯುತ್ತಿದ್ದುದು ಹೆಣ ಹೊರಡುವಾಗ ಮಾತ್ರ. ಅವರ ಮಾವ, ಆಮೇಲೆ ಗಂಡ, ಇಬ್ಬರೂ ಅಲ್ಲಿಂದಲೇ ಹೋದರು.

"ಮುಂದಿನ ಪಾಳಿ ನಂದು. ಆವತ್ತು ಬಾಗಿಲು ಕಿರ್ ಅಂದ್ರ ನನ್ನ ಮರ್ಯಾದಿ ಏನಾತು?" ಎಂದು ನಗುವರು.

ಮಗನಿಗೆ ವಿಜಯವಾಡದ ಆಟೋನಗರ್‌ನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿತ್ತು. "ನಮ್ಮ ರಾಜಾವಾರು ಲಾರಿಗಳಿಗೆ ಪಟ್ಟಾಭಿಷೇಕ ಮಾಡ್ತಾರ" ಎಂದು ಅವನೆದುರೇ ಹೇಳುವರು. ಅವನೂ ನಗುತ್ತಿದ್ದ. ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಕೋಟೆ ಮಾರಿದ್ದೇನೆ ಎಂದು ಅವನು ಬಂದು ಹೇಳಿದ ದಿನ ಯಾರೂ ನಗಲಿಲ್ಲ.

"ನಾ ಸಾಯೋತನಕ ತಡಿಯಾಕ ಆಗಲಿಲ್ಲೇನೋ?" ಎಂದಷ್ಟೇ ಕೇಳಿದರು.

ಅವರು ಮಗನ ಜೊತೆ ವಿಜಯವಾಡಕ್ಕೆ ಹೊರಡುವ ಬೆಳಿಗ್ಗೆ ಕಾರು ಮುಂಬಾಗಿಲಲ್ಲಿ ಕಾಯುತ್ತಿತ್ತು. ದೊರಸಾನಮ್ಮ ಸಮುದ್ರದ ಕಡೆಗೆ ನಡೆದರು.

"ಅಮ್ಮಾ, ಇಟು ರಾ! ಅದು ಅಶುಭ" ಎಂದು, ಈ ಕಡೆ ಬರುವಂತೆ ಮಗ ತೆಲುಗಿನಲ್ಲಿ ಕೂಗಿದ.

"ಈ ಮನೀಗೆ ನಾ ತಿರುಗಿ ಬರೂದೈತೇನು?"

ಅಗುಳಿ ತೆಗೆದದ್ದು ಅವನೋ ನಾನೋ, ಈಗ ಗೊತ್ತಿಲ್ಲ. ಬಾಗಿಲು ನರಳಿತೆಂದು ನನ್ನ ನೆನಪು ಹಟ ಹಿಡಿಯುತ್ತದೆ. ಅದು ಸುಳ್ಳಿರಬೇಕು. ಅಷ್ಟು ವರ್ಷ ಎಣ್ಣೆ ಕುಡಿದ ಕೀಲುಗಳವು, ಸದ್ದಿಲ್ಲದೆ ತೆರೆದಿರುತ್ತವೆ. ದೊರಸಾನಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, ತಮ್ಮ ಕಾಲಮೇಲೇ ಹೊಸ್ತಿಲು ದಾಟಿದರು. ಹಿಂದಿರುಗಿ ನೋಡಲಿಲ್ಲ.

ಮರುವರ್ಷ ವಿಜಯವಾಡದ ಭವಾನಿಪುರಂನಲ್ಲಿದ್ದ ಮಗನ ಫ್ಲ್ಯಾಟಿಗೆ ಹೋಗಿದ್ದೆ. ಅದೇ ಕೊನೆಯ ಭೇಟಿ. ದೊರಸಾನಮ್ಮ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಸೊಸೆ ಒಳಹೊರಗೆ ಓಡಾಡಿದಾಗಲೆಲ್ಲ ಅಡುಗೆಮನೆಯ ಬಾಗಿಲು ಕಿರುಗುಟ್ಟುತ್ತಿತ್ತು. ಅವರು ಅತ್ತ ತಿರುಗಲೇ ಇಲ್ಲ.

"ಅಮ್ಮಾವ್ರೇ, ಸ್ವಲ್ಪ ಎಣ್ಣೆ ಹಾಕಲಾ?" ಎಂದೆ.

"ಯಾಕಪ್ಪ? ನಾ ಆವತ್ತೇ ಹೋದೆನಲ್ಲ."