ಕ್ವಾಮಾಶುವಿನಲ್ಲಿ ಇಳಿದುಹೋದ ಗೋಲ್‌ಕೀಪರ್

ಕರಿಯರ ಬಡಾವಣೆ ಲಾಮಂಟ್‌ವಿಲ್‌ನ ರೋವರ್ಸ್ ಫುಟ್‌ಬಾಲ್ ತಂಡದ ಅಂಗಿಗಳನ್ನು ಒಗೆದೇ ಮಾಗುಮೆಡೆಯ ಕೈ ಸವೆದಿತ್ತು. ಮಗ ಫಿಲಾನಿ ಆ ತಂಡದ ಗೋಲ್‌ಕೀಪರ್. ಬಿಳಿಯರ ಸರಕಾರ ಸಭೆಗಳನ್ನು ನಿಷೇಧಿಸಿದ್ದ ಕಾಲದಲ್ಲಿ ಪಂದ್ಯದ ನಡುವಿನ ಬಿಡುವೇ ಸಭೆ. ಆಟದಲ್ಲಿ ಹಾವು ಮುಂಗುಸಿಯಂತಿದ್ದ ಕ್ವಾಮಾಶುವಿನ ಹಾಕ್ಸ್ ತಂಡದವರು, ಪೊಲೀಸರು ಬಂದರೆ ರೋವರ್ಸ್ ಹುಡುಗರಿಗೆ ತಮ್ಮ ಅಂಗಿ ತೊಡಿಸಿ ಬಚ್ಚಿಡುತ್ತಿದ್ದರು. ಫಿಲಾನಿಗೆ ಮಾತ್ರ ಅಂಗಿ ಬದಲಿಸಲು ಹೊತ್ತು ಸಿಗಲಿಲ್ಲ. ಅವನ ಹೆಣವೂ ಮನೆಗೆ ಬರಲಿಲ್ಲ.

ಸರಕಾರ ಬದಲಾದ ಮೇಲೆ ಕೊಂದ ಪೊಲೀಸನೇ ಬಾಯಿಬಿಟ್ಟ. ಉತ್ತರದ ಕಬ್ಬಿನ ಗದ್ದೆಯಲ್ಲಿ ಹೆಣ ಸುಟ್ಟಿದ್ದರಂತೆ. ಹಾಗೆ ಮನೆಯಾಚೆ ಸತ್ತವರ ಆತ್ಮವನ್ನು ಸತ್ತ ಜಾಗದಿಂದ ಬೋರೆ ಮುಳ್ಳಿನ ಕೊಂಬೆಯಲ್ಲಿ ಮನೆಗೆ ಕರೆತರಬೇಕು. ಟ್ಯಾಕ್ಸಿಯಲ್ಲಿ ಅವರಿಗೂ ಒಂದು ಸೀಟು ಹಿಡಿಯಬೇಕು, ಸೇತುವೆ ಬಂದರೆ ಹೇಳಬೇಕು. ಮನೆ ಸೇರುವವರೆಗೆ ಸತ್ತವರ ಹೊರತು ಯಾರೊಂದಿಗೂ ತುಟಿ ಬಿಚ್ಚಬಾರದು.

ಆ ಗದ್ದೆಯಿಂದ ಕೊಂಬೆ ಹಿಡಿದು ಮನೆಗೆ ಹೊರಟವನು ಮಾಗುಮೆಡೆಯ ತಮ್ಮ ಜ್ವೆಲಿ. ಕ್ವಾಮಾಶು ಮೈದಾನದ ಪಕ್ಕ ಹಾಯುವಾಗ ಕಿಟಕಿಯಾಚೆ ರೋವರ್ಸ್ ಆಡುತ್ತಿದ್ದರು. ಚೆಂಡು ಬಲೆಗೆ ಬಿತ್ತು. "ಗೋಲು ಕಣಯ್ಯ" ಎಂದುಬಿಟ್ಟ ಜ್ವೆಲಿ, ಡ್ರೈವರ್‌ಗೆ. ಕೈಯಲ್ಲಿದ್ದ ಕೊಂಬೆ ಹಗುರಾಯಿತು.

"ಅಕ್ಕ, ಬಾಯಿ ಜಾರ್ತು. ಅವನು ಇಳ್ದು ಹೋದ" ಎಂದು ಬರಿಗೈಯಲ್ಲಿ ಬಂದು ನಿಂತ. ಮಾಗುಮೆಡೆ ವರ್ಷಗಟ್ಟಲೆ ಅವನ ಮುಖ ನೋಡಲಿಲ್ಲ.

ಕೊನೆಗೊಂದು ದಿನ ಹಾಕ್ಸ್‌ನ ನಾಯಕ ಲುಂಗೆಲೊ ಬಂದು ತಲೆತಗ್ಗಿಸಿ ಕೂತ. "ಅಮ್ಮ, ನಿಮ್ಮ ಮಗ ನಮ್ ಮೈದಾನದಲ್ಲೇ ಇದಾನೆ. ರಸ್ತೆ ಕಡೆ ಗೋಲಿಗೆ ಅವತ್ತಿಂದ ಒಂದು ಚೆಂಡೂ ಹೋಗಿಲ್ಲ. ಗೆರೆ ಮೇಲೆ ನಿಂತ್‌ಬಿಡುತ್ತೆ, ಯಾರೋ ಹಿಡ್ಕೊಂಡಂಗೆ."

"ಅವನೇ ಅಂತ ಹೆಂಗೆ ಹೇಳ್ತೀಯ?"

"ಆಮೇಲೆ ಎಡಗಂಬಕ್ಕೆ ಎರಡು ಸಲ ತಟ್ಟಿದ ಸದ್ದು ಬರುತ್ತೆ."

ಅದು ಫಿಲಾನಿಯದೇ ಚಾಳಿ. ಮನೆಯ ಬಾಗಿಲನ್ನೂ ಅವನು ಬಿಟ್ಟಿರಲಿಲ್ಲ.

"ಇಷ್ಟು ವರ್ಷ ಯಾಕೆ ಮುಚ್ಚಿಟ್ರಿ?"

"ಪುಕ್ಸಟ್ಟೆ ಗೋಲು ಕಾಯೋನು ಸಿಕ್ಕಿದ್ದ, ಅಮ್ಮ. ತಪ್ಪಾಯ್ತು."

ಮರುದಿನ ಅವಳೇ ಕೊಂಬೆ ಹಿಡಿದು ಹೋದಳು. ಎರಡೂ ತಂಡದವರು ಸಾಲಾಗಿ ನಿಂತರು. ಗೋಲಿನೊಳಗೆ ಗಾಳಿಯಿರಲಿಲ್ಲ, ಬಲೆ ಮಾತ್ರ ಅಲುಗುತ್ತಿತ್ತು.

"ಫಿಲಾನಿ, ಆಡಿದ್ದು ಸಾಕು. ಊಟ ಆರ್ತಿದೆ, ಬಾ."

ಕಂಬ ಎರಡು ಸಲ ಸದ್ದಾಯಿತು. ಕೊಂಬೆ ಹಗುರವಾಗಿಯೇ ಇತ್ತು. ಅವಳಿಗೆ ಅಳು ಬಂತು, ಸಿಟ್ಟೂ ಬಂತು.

"ನಾನು ಮುದುಕಿ ಆದೆ ಕಣೋ. ಇನ್ನೊಂದ್ಸಲ ಬರೋಕಾಗಲ್ಲ. ಈಗ ನೀನೇ ನನ್ನ ಮನೆಗ್ ಕರ್ಕೊಂಡ್ ಹೋಗು."

ಕೊಂಬೆ ಭಾರವಾಯಿತು. ಲುಂಗೆಲೊ ಚೆಂಡನ್ನು ಮೆಲ್ಲಗೆ ಒದ್ದ. ಅದು ಉರುಳುತ್ತ ಗೆರೆ ದಾಟಿ ಬಲೆ ಸೇರಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಟ್ಯಾಕ್ಸಿಯಲ್ಲಿ ಡ್ರೈವರ್ ಕೊಂಬೆ ಕಂಡವನೇ ರೇಡಿಯೋ ಆರಿಸಿದ. ದೊಡ್ಡ ಪಂದ್ಯದ ದಿನವಾದರೂ ಒಬ್ಬನೂ ಸ್ಕೋರು ಕೇಳಲಿಲ್ಲ. ಖಾಲಿ ಸೀಟಿನ ಪಕ್ಕದವನು ಚಳಿಯಾದವನಂತೆ ಮೊಣಕೈ ಒಳಗೆಳೆದುಕೊಂಡ. "ಸೇತುವೆ ಬಂತು, ಮಗ" ಎನ್ನುತ್ತ ಮಾಗುಮೆಡೆ ದಾರಿಯುದ್ದಕ್ಕೂ ಅವನೊಬ್ಬನ ಜೊತೆಗೇ ಮಾತಾಡಿದಳು.

ಮನೆಯ ಗೇಟಿನಲ್ಲಿ ಜ್ವೆಲಿ ಕಾದಿದ್ದ. ರೋವರ್ಸ್‌ನ ಶಾಲಿನಿಂದ ತನ್ನ ಬಾಯನ್ನು ತಾನೇ ಬಿಗಿಯಾಗಿ ಕಟ್ಟಿಕೊಂಡಿದ್ದ. ಅವಳು ಮನೆಯೊಳಗೆ ಗತಿಸಿದ ಹಿರಿಯರ ಮೂಲೆಯಲ್ಲಿ ಕೊಂಬೆ ಇಟ್ಟು ಬಂದು ಆ ಗಂಟು ಬಿಚ್ಚಿದಳು.

"ಈಗ ಮಾತಾಡು."

ಅವನು ಬಿಕ್ಕಿಬಿಕ್ಕಿ ಅತ್ತ. ಆಮೇಲೆ ತಡೆಯಲಾರದೆ ಕೇಳಿದ. "ಚೆಂಡು ಒಳಗ್ ಹೋಯ್ತಾ, ಅಕ್ಕ?"

"ಹೋಯ್ತು."

ಒಳಬಾಗಿಲಿನ ಎಡಗಂಬಕ್ಕೆ ಯಾರೋ ಎರಡು ಸಲ ತಟ್ಟಿದರು.

"ಮನೆಯೊಳಗೆ ಬೇಡ ಅಂತ ಎಷ್ಟು ಸಲ ಹೇಳ್ಬೇಕೋ ನಿನಗೆ" ಎಂದಳು ಮಾಗುಮೆಡೆ, ಕಣ್ಣೊರೆಸಿಕೊಳ್ಳುತ್ತ.