ಕ್ಷೌರದಂಗಡಿಯ ಅಣ್ಣನ ಹಿಮ್ಮಡಿ

ಅಪ್ಪ ಬಿಟ್ಟುಹೋದದ್ದು ಎರಡು ಕುರ್ಚಿಯ ಕ್ಷೌರದಂಗಡಿ. ಒಂದು ಕುರ್ಚಿಯ ಹಿಂದೆ ಅಣ್ಣ, ಇನ್ನೊಂದರ ಹಿಂದೆ ತಮ್ಮ. ಕಾಲಡಿಗೆ ಬರೀ ಕಲ್ಲುಹಾಸು. ಅಣ್ಣನ ಕತ್ತರಿಗಿಂತ ನಾಲಿಗೆಯೇ ಹರಿತ ಎಂದು ಬೀದಿಯವರು ನಗುತ್ತಿದ್ದರು. ಆದರೂ ಅವನ ಕುರ್ಚಿ ಖಾಲಿಯಾಗುವುದನ್ನೇ ಕಾಯುತ್ತಿದ್ದರು.

ಐವತ್ತರ ಹತ್ತಿರ ಅವನ ಎಡ ಹಿಮ್ಮಡಿ ಹಿಡಿಯಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದರೆ ಮೊಳೆ ಹೊಡೆದಂತೆ. ಸ್ವಲ್ಪ ಓಡಾಡಿದರೆ ಸಡಿಲವಾಗುತ್ತಿತ್ತು, ಸಂಜೆಗೆ ಮತ್ತೆ ವಕ್ಕರಿಸುತ್ತಿತ್ತು. ಹೆಂಡತಿ ಶಾಖ ಕೊಟ್ಟಳು. ಗಿರಾಕಿಗಳು ತಲೆಗೊಂದು ಮದ್ದು ಹೇಳಿದರು. ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿದಾಗ ಹಿಮ್ಮಡಿಯ ಎಲುಬಿನಲ್ಲೇ ಬೆಳೆದ ಸಣ್ಣ ಮುಳ್ಳು ಕಂಡಿತು. ಅದನ್ನು ಕಿತ್ತುಬಿಡಿ ಎಂದು ಡಾಕ್ಟರಮ್ಮನಿಗೆ ದುಂಬಾಲು ಬಿದ್ದ. ಅಂಥ ಮುಳ್ಳು ನೋವಿಲ್ಲದವರಿಗೂ ಇರುತ್ತದೆ ಎಂದರು ಆಕೆ. ಹಿಮ್ಮಡಿಯಿಂದ ಬೆರಳಿನವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ದಿನವಿಡೀ ಕಲ್ಲುನೆಲದ ಮೇಲೆ ನಿಲ್ಲುವುದು, ಸವೆದ ಚಪ್ಪಲಿ, ಏರಿದ ಮೈತೂಕ, ಬಿಗಿದ ಮೀನಖಂಡ ಎಲ್ಲ ಸೇರಿ ಅದನ್ನು ಜಗ್ಗಿ ಜಗ್ಗಿ ಹಾಳುಮಾಡಿವೆ. ಮೆತ್ತನೆಯ ಚಪ್ಪಲಿ ಬೇಕು, ಮೀನಖಂಡಕ್ಕೆ ವ್ಯಾಯಾಮ ಬೇಕು, ಕೆಲವು ತಿಂಗಳು ನಿಲ್ಲುವುದು ಕಡಿಮೆಯಾಗಬೇಕು.

"ನಿಂತ್ಕೊಳ್ಳದೆ ಕೂದಲು ಕತ್ತರಿಸೋದು ಹೇಗಮ್ಮ? ಗಿರಾಕೀನ ನೆಲದ ಮೇಲೆ ಮಲಗಿಸ್ಲಾ?" ಎಂದ. ಡಾಕ್ಟರಮ್ಮ ನಕ್ಕರು. ಅವನು ನಗಲಿಲ್ಲ.

ಚಪ್ಪಲಿ ಬಂತು. ವ್ಯಾಯಾಮ ವಾರದಲ್ಲೇ ಮೂಲೆ ಸೇರಿತು. ಕಾಯುವ ತಾಳ್ಮೆಯಿಲ್ಲದೆ ಬೇರೊಬ್ಬ ಡಾಕ್ಟರ ಬಳಿ ಹೋಗಿ ಹಿಮ್ಮಡಿಗೇ ಇಂಜೆಕ್ಷನ್ ಹಾಕಿಸಿಕೊಂಡ. ನೋವು ಮಂಗಮಾಯ. ವಿಶ್ರಾಂತಿ ತೆಗೆದುಕೊಳ್ಳಿ, ಪದೇ ಪದೇ ಸೂಜಿ ಹಾಕಿದರೆ ಆ ಪಟ್ಟಿಯೇ ಬಲ ಕಳೆದುಕೊಳ್ಳುತ್ತದೆ ಎಂದದ್ದು ಕಿವಿಗೇ ಹೋಗಲಿಲ್ಲ. ಹೋದ ಜೀವ ಬಂದವನಂತೆ ಇಡೀ ದಿನ ನಿಂತ. ನೋವು ಮರಳಿದಾಗೆಲ್ಲ ಮತ್ತೆ ಸೂಜಿ.

ಒಂದು ಮಧ್ಯಾಹ್ನ ಗಿರಾಕಿಯ ಕಿವಿಯ ಹಿಂದೆ ರೇಜರ್ ಆಡಿಸುತ್ತಿದ್ದಾಗ ಅಂಗಾಲಿನಲ್ಲಿ ಏನೋ ಪಟ್ಟನೆ ಹರಿಯಿತು. ಕೈ ಜಾರಿತು. ಕುತ್ತಿಗೆಯ ಮೇಲೆ ತೆಳ್ಳನೆಯ ಕೆಂಪು ಗೆರೆ ಮೂಡಿತು. ಆ ಹಳೆಯ ಗಿರಾಕಿ ಟವೆಲ್ ಒತ್ತಿಕೊಂಡು ಎದ್ದು ತಮ್ಮನ ಕುರ್ಚಿಯಲ್ಲಿ ಕೂತರು.

ಕಾಲಿಗೆ ಬ್ಯಾಂಡೇಜ್ ಕಟ್ಟಿ, ಬಿಚ್ಚಿ, ತಿಂಗಳುಗಳು ಕಳೆದ ಮೇಲೂ ಅವನಿಗೆ ಒಂದು ತಲೆ ಮುಗಿಸುವಷ್ಟು ಹೊತ್ತು ನಿಲ್ಲಲಾಗಲಿಲ್ಲ. ಎತ್ತರದ ಸ್ಟೂಲಿನ ಮೇಲೆ ಕೂತು ನೋಡಿದ. ತಲೆಯ ಸುತ್ತ ಕೈ ತಿರುಗಲಿಲ್ಲ. ಬೀದಿಯವರೆಲ್ಲ ತಮ್ಮನ ಕುರ್ಚಿಗೇ ಕಾಯತೊಡಗಿದರು. ಕೊನೆಗೆ ತಮ್ಮನೇ ಮುಖ ನೋಡದೆ, "ಅಣ್ಣಾ, ನೀನು ಮನೇಲಿರು. ಅಂಗಡಿ ನಾನು ನೋಡ್ಕೋತೀನಿ" ಎಂದ.

ಈಗ ರಜೆಯ ದಿನ ತಮ್ಮನೇ ಮನೆಗೆ ಬಂದು ಅಣ್ಣನ ಕೂದಲು ಕತ್ತರಿಸುತ್ತಾನೆ. ಮೊನ್ನೆ ಕತ್ತರಿಯ ಸದ್ದು ಪದೇ ಪದೇ ನಿಲ್ಲುತ್ತಿತ್ತು. ಅಣ್ಣ ತಿರುಗಿ ನೋಡಿದ. ತಮ್ಮ ಬಲ ಹಿಮ್ಮಡಿಯನ್ನು ನೆಲಕ್ಕೂರದೆ ತುದಿಬೆರಳ ಮೇಲೆ ನಿಂತಿದ್ದ.

"ನಿಂಗೂ ಶುರುವಾಯ್ತೇನೋ?"

"ಸ್ವಲ್ಪ."

"ಈಗಲೇ ಆ ಡಾಕ್ಟರಮ್ಮನ ಹತ್ರ ಹೋಗು. ಹೇಳಿದಷ್ಟು ದಿನ ಕೂತ್ಕೋ."

"ನಾನೂ ಕೂತ್ರೆ ಅಂಗಡಿಯಲ್ಲಿ ನಿಲ್ಲೋರು ಯಾರಣ್ಣ?"

ಅಣ್ಣ ಮತ್ತೆ ಮುಂದಕ್ಕೆ ತಿರುಗಿ ಕೂತ. ತಮ್ಮ ಅವನ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿ ಕತ್ತರಿ ಆಡಿಸತೊಡಗಿದ.