ಮೂರು ಕೈಯ ಪಾಸ್‌ವರ್ಡ್

ನಾನು ಕಟ್ಟಿದ ಮೊದಲ ವೆಬ್‌ಸೈಟ್ ನ್ಯಾಮತಿಯ ಹೆಂಗಸರ ರೊಟ್ಟಿ ಸಂಘದ್ದು. ಸಿದ್ಧ ಪುಟಗಳಿಗೆ ಫೋಟೊ, ಬರಹ ತುಂಬಿದರಾಯಿತು ಎನ್ನುವ ತಂತ್ರಾಂಶ ನಂಬಿಯೇ ಒಪ್ಪಿಕೊಂಡಿದ್ದೆ. ದಾವಣಗೆರೆಯ ಅಂಗಡಿಯವರೊಬ್ಬರು ಕೆಲಸ ಮುಗಿಯುವ ದಿನವೇ ಮಧ್ಯಾಹ್ನ ಸೈಟ್ ನೋಡಿ, ರೊಟ್ಟಿ ತರಿಸುವುದೋ ಬೇಡವೋ ಹೇಳುವವರಿದ್ದರು.

ಆ ದಿನ ಬೆಳಿಗ್ಗೆ ಎಲ್ಲ ಮುಗಿಸಿ, "ಪಾಸ್‌ವರ್ಡ್ ಯಾರಿಗೆ ಕೊಡ್ಲಿ?" ಎಂದೆ.

"ಒಬ್ರಿಗೇ ಯಾಕ್ರಿ ಮೇಡಂ?" ಎಂದರು ಅಧ್ಯಕ್ಷೆ ಹಾಲಮ್ಮ. "ಸಂಘದ ಪೆಟ್ಟಿಗೆಗೆ ಮೂರು ಬೀಗ ಐತೆ, ಮೂರು ಮಂದಿ ಹತ್ರ ಕೀಲಿ. ಇದಕ್ಕೂ ಹಂಗೇ ಮಾಡ್ರಿ."

"ಇದಕ್ಕೆ ಒಂದೇ ಕೀಲಿ, ಹಾಲಮ್ಮಾರೆ."

"ಮೂರು ತುಂಡು ಮಾಡ್ರಿ ಹಂಗಾರೆ."

ನನ್ನನ್ನು ಬಾಗಿಲಾಚೆ ಕೂರಿಸಿ, ಹಾಲಮ್ಮ ಮತ್ತು ಪೆಟ್ಟಿಗೆಯ ಕೀಲಿ ಇದ್ದ ಇನ್ನಿಬ್ಬರು ಸರದಿಯಂತೆ ನಾಲ್ಕು ನಾಲ್ಕು ಅಕ್ಷರ ಒತ್ತಿ ಹೊಸ ಪಾಸ್‌ವರ್ಡ್ ಮಾಡಿದರು. ಒಬ್ಬರ ತುಂಡು ಇನ್ನೊಬ್ಬರಿಗೆ ಗೊತ್ತಿಲ್ಲ. ಎಂಥಾ ಹುಚ್ಚಾಟ ಅಂದುಕೊಂಡೆ.

ಹನ್ನೊಂದಕ್ಕೆ ಹಾಲಮ್ಮನ ಅಳಿಯ ಬಂದ. "ಮೊದಲ್ನೇ ಪುಟದಾಗೆ ನನ್ನ ಹೋಟೆಲ್ ಬೋರ್ಡ್ ಹಾಕ್ಕಂತೀನಿ, ಪಾಸ್‌ವರ್ಡ್ ಹೇಳ್ರಿ ಅತ್ತೆ."

ಅಳಿಯನಿಗೆ ಇಲ್ಲ ಎನ್ನುವ ರೂಢಿ ನಮ್ಮ ಕಡೆ ಇಲ್ಲ. ಅಂಗಡಿಯವರು ನೋಡುವ ಹೊತ್ತಿಗೆ ರೊಟ್ಟಿಯ ಜಾಗದಲ್ಲಿ ಹೋಟೆಲ್ ಬೋರ್ಡ್ ಇದ್ದರೆ ಮುಗಿಯಿತಲ್ಲ ಎಂದು ಹಾಲಮ್ಮನ ಕಡೆ ನೋಡಿದೆ.

ಹಾಲಮ್ಮ ನಗುತ್ತಲೇ, "ಹೇಳಾಕೇನು, ಬರ್ಕಳ್ರಿ" ಎಂದು ತಮ್ಮ ನಾಲ್ಕು ಅಕ್ಷರ ಹೇಳಿದರು. "ಉಳಿದದ್ದು ಅವರಿಬ್ಬರ ಹತ್ರ ಐತೆ, ಕೇಳ್ರಿ."

ಅವರಲ್ಲೊಬ್ಬರು ರೊಟ್ಟಿ ತಟ್ಟುತ್ತಲೇ ಅಂದರು: "ನಾವೇನು ನಿಮಗೆ ಹೆಣ್ಣು ಕೊಟ್ಟಿಲ್ಲಪ್ಪ, ಹೇಳಲ್ಲ."

ಅಳಿಯ ಚಹಾ ಕುಡಿದು ಹೋದ. ಒಂದು ಗಂಟೆಗೆ ದಾವಣಗೆರೆಯಿಂದ ಫೋನ್ ಬಂತು: ನಾಳೆಯಿಂದಲೇ ರೊಟ್ಟಿ ಕಳಿಸಿ. ಹಾಲಮ್ಮ ಸ್ಪೀಕರ್ ಹಾಕಿ, ಆ ಮಾತನ್ನು ಅವರಿಂದ ಇನ್ನೊಂದು ಸಲ ಹೇಳಿಸಿದರು.

ಸೈಟಿನಲ್ಲಿ ಒಂದು ಫೋಟೊ ಮಾತ್ರ ಇವತ್ತಿಗೂ ಅಡ್ಡಡ್ಡವಾಗಿದೆ. ಸರಿಮಾಡಲು ಮೂವರೂ ಒಟ್ಟಿಗೆ ಬಿಡುವಾಗಿ ಸಿಗಬೇಕು. ಸೈಟ್ ಮಾಡಿದ ಮೇಲೆ ಅವರಿಗೆ ಬಿಡುವೇ ಇಲ್ಲ.